ಪೈಕನ್ನು ಕರೆಯುವ ಮರದ ಮೀನು

ಅಂಗೈಗಿಂತ ಸ್ವಲ್ಪ ಉದ್ದದ ಒಂದು ಮರದ ಮೀನು. ಹೊಟ್ಟೆಯಲ್ಲಿ ಸೀಸ, ಎರಡೂ ಬದಿಗೆ ತಗಡಿನ ರೆಕ್ಕೆ, ಬೆನ್ನ ಮೇಲೆ ದಾರ ಕಟ್ಟಲು ಸಣ್ಣ ಕೊಂಡಿ. ಕೊಕ್ಕೆ ಮಾತ್ರ ಎಲ್ಲೂ ಇಲ್ಲ. ಮೀನು ಹಿಡಿಯುವ ಸಾಮಾನು ಅಂತ ತೋರಿಸಿದರೆ ಎಲ್ಲರೂ ಮೊದಲು ಹುಡುಕುವುದು ಕೊಕ್ಕೆಯನ್ನೇ. ಆದರೆ ಇದು ಹಿಡಿಯುವುದಿಲ್ಲ, ಕರೆಯುತ್ತದೆ ಅಷ್ಟೆ. ಕೆರೆ ಹೆಪ್ಪುಗಟ್ಟಿದ ಮೇಲೆ ಐಸಿನಲ್ಲಿ ಕಿಂಡಿ ಕೊಯ್ದು, ಇದನ್ನು ನೀರಿಗೆ ಇಳಿಬಿಟ್ಟು ಆಡಿಸುತ್ತಾರೆ. ಎಲ್ಲಿಂದಲೋ ಪೈಕ್ ಅನ್ನುವ ಬೇಟೆಗಾರ ಮೀನೊಂದು ಬಂದು ಪಕ್ಕದಲ್ಲಿ ನಿಲ್ಲುತ್ತದೆ. ಆಮೇಲಿನದು ಮೇಲೆ ಈಟಿ ಹಿಡಿದು ಕೂತವರಿಗೆ ಬಿಟ್ಟದ್ದು.

ಇಲ್ಲಿ ಇದನ್ನು ಡಿಕಾಯ್ ಅನ್ನುತ್ತಾರೆ. ನಾನು ಮರದ ಮೀನು ಅಂತಲೇ ಬರೆಯುತ್ತೇನೆ. ಇಲ್ಲಿ ಅಂದರೆ ಅಮೆರಿಕದ ಉತ್ತರ ಅಂಚಿನ ಮಿನೆಸೋಟ ರಾಜ್ಯ. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ. ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದವರಲ್ಲಿ ನಾನೂ ಒಬ್ಬ. ಚಳಿಗಾಲ ಬಂತೆಂದರೆ ನಮ್ಮ ಕನ್ನಡದವರು ಹೆಚ್ಚಿನವರು ಮನೆಯೊಳಗೆ ಸೇರಿಕೊಳ್ಳುತ್ತಾರೆ. ಅದು ತಪ್ಪೇನಲ್ಲ, ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿರುವಾಗ ಇನ್ನೇನು ಮಾಡೋದು? ಆದರೆ ಪಕ್ಕದ ಮನೆಯ ಅಜ್ಜ ಒಂದು ಚಳಿಗಾಲ ನನ್ನನ್ನು ಕೆರೆಗೆ ಕರೆದುಕೊಂಡು ಹೋದರು. ಆಗಿನಿಂದ ಈ ಮರದ ಮೀನು ನನ್ನ ತಲೆಯಿಂದ ಇಳಿದಿಲ್ಲ.

ಮೊದಲು ಜಾಗದ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ.

ಕೆರೆಯ ಮೇಲೆ ಒಂದು ಸಣ್ಣ ಗೂಡು ನಿಲ್ಲಿಸುತ್ತಾರೆ. ಹೆಸರು ಡಾರ್ಕ್‌ಹೌಸ್. ಹೆಸರಿಗೆ ತಕ್ಕ ಹಾಗೆ ಒಳಗೆ ಪೂರ್ತಿ ಕತ್ತಲೆ. ಕಿಟಕಿ ಇಲ್ಲ, ಬಾಗಿಲ ಸಂದಿನಲ್ಲೂ ಬೆಳಕು ಬರಬಾರದು. ಬುಡದ ಸುತ್ತ ಹಿಮ ಒಟ್ಟಿ ಮುಚ್ಚುತ್ತಾರೆ. ಒಳಗೆ ನೆಲದಲ್ಲಿ ಸುಮಾರು ಎರಡು ಅಡಿ ಅಗಲ, ಮೂರು ಅಡಿ ಉದ್ದದ ಕಿಂಡಿ. ಗಾಳ ಹಾಕುವವರಿಗೆ ತಟ್ಟೆಯಷ್ಟಗಲದ ತೂತು ಸಾಕು. ಈಟಿಯವರಿಗೆ ಇಷ್ಟು ದೊಡ್ಡದೇ ಬೇಕು, ಯಾಕೆಂದರೆ ಅವರು ನೋಡಬೇಕು. ಐಸ್ ಒಂದು ಅಡಿ ದಪ್ಪ ಇದ್ದರೆ ಹೀಗೆ ಕೊಯ್ದ ತುಂಡು 150 ಕಿಲೋ ತೂಗುತ್ತದೆ. ಅದನ್ನು ಮೇಲೆತ್ತುವ ಬದಲು ಕೋಲಿನಿಂದ ಒತ್ತಿ ಐಸಿನ ಅಡಿಗೇ ಜಾರಿಸಿಬಿಡುವವರೂ ಇದ್ದಾರೆ. ಉದ್ದದ ಐಸ್ ಗರಗಸದಲ್ಲಿ ಕೊಯ್ಯುತ್ತಾ ಹೋದರೆ ಆ ಚಳಿಯಲ್ಲೂ ಬೆವರು ಬರುತ್ತದೆ.

ಬಾಗಿಲು ಹಾಕಿಕೊಂಡು ಕೂತರೆ ಮೊದಲ ಒಂದೆರಡು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಕಾಲ ಬುಡದಿಂದ ಹಸಿರು ಬೆಳಕು ಏಳುತ್ತದೆ. ಹೊರಗಿನ ಬಿಸಿಲು ಹಿಮ ಮತ್ತು ಐಸನ್ನು ತೂರಿ ಇಡೀ ಕೆರೆಯೊಳಗೆ ಇಳಿದಿರುತ್ತದೆ. ಗೂಡಿನೊಳಗೆ ಬೆಳಕಿಲ್ಲ, ಹಾಗಾಗಿ ನೀರಿನ ಮೈ ಏನನ್ನೂ ಪ್ರತಿಫಲಿಸುವುದಿಲ್ಲ. ನೀರು ಇದೆಯೋ ಇಲ್ಲವೋ ಅನ್ನುವಷ್ಟು ತಿಳಿ. ತಳದ ಕಳೆಯ ಒಂದೊಂದು ಎಲೆ, ಮರಳಿನ ಮೇಲೆ ಬಿದ್ದ ಕಪ್ಪೆಚಿಪ್ಪು, ಎಲ್ಲವೂ ಕಾಣುತ್ತವೆ. ನಾವು ಕತ್ತಲಲ್ಲಿದ್ದೇವೆ, ಹಾಗಾಗಿ ಕೆಳಗಿನವರಿಗೆ ನಾವು ಕಾಣುವುದಿಲ್ಲ. ಹಿಂದಿನವರು ತಳ ಬೆಳ್ಳಗೆ ಕಾಣಲಿ ಅಂತ ಮೊಟ್ಟೆಯ ಚಿಪ್ಪು, ಬಿಲ್ಲೆ ಮಾಡಿದ ಆಲೂಗಡ್ಡೆ ಉದುರಿಸುತ್ತಿದ್ದರಂತೆ. ಕಪ್ಪು ಬೆನ್ನಿನ ಮೀನು ಬೆಳ್ಳನೆಯ ತಳದ ಮೇಲೆ ಎದ್ದು ಕಾಣುತ್ತದೆ, ಅದಕ್ಕೆ.

ಎಂಟು ಹತ್ತು ಅಡಿ ಆಳದ ನೀರು, ಪಕ್ಕದಲ್ಲಿ ಕಳೆ ಬೆಳೆದ ಅಂಚು. ಸಾಮಾನ್ಯವಾಗಿ ಇಂಥ ಕಡೆ ಕೂರುತ್ತಾರೆ. ಕಳೆ ಯಾಕೆ ಬೇಕು ಅಂದರೆ ಪೈಕ್ ಇರುವುದೇ ಅಲ್ಲಿ.

ಈ ಪೈಕ್ ಉತ್ತರ ಅಮೆರಿಕ, ಯುರೋಪ್, ಏಷ್ಯಾ ಮೂರೂ ಕಡೆಯ ತಣ್ಣನೆಯ ನೀರಿನ ಮೀನು. ಉದ್ದ ಮೈ, ಚಪ್ಪಟೆ ಮೂತಿ, ಬಾಯಿ ತುಂಬ ಹಲ್ಲು. ಕಡು ಹಸಿರು ಮೈ ಮೇಲೆ ತೆಳು ಬಣ್ಣದ ಚುಕ್ಕೆಗಳು. ಬೆನ್ನಿನ ರೆಕ್ಕೆ ಮತ್ತು ಹೊಟ್ಟೆಯ ಹಿಂಭಾಗದ ರೆಕ್ಕೆ ಎರಡೂ ಬಾಲದ ಹತ್ತಿರಕ್ಕೆ ಸರಿದಿವೆ. ಅದರಿಂದ ನಿಂತ ಜಾಗದಿಂದ ಒಮ್ಮೆಲೇ ಚಿಮ್ಮುವ ಶಕ್ತಿ ಬರುತ್ತದೆ. ದೂರದವರೆಗೆ ಅಟ್ಟಿಸಿಕೊಂಡು ಹೋಗುವ ಮೀನು ಇದಲ್ಲ. ಹೊಂಚು ಹಾಕುತ್ತದೆ, ಮೈಯನ್ನು ಬಿಲ್ಲಿನಂತೆ ಬಾಗಿಸುತ್ತದೆ, ಹಾರುತ್ತದೆ. ಚಳಿಯಲ್ಲಿ ಬೇರೆ ಎಷ್ಟೋ ಮೀನುಗಳು ಮಂಕಾಗುತ್ತವೆ. ಪೈಕ್ ಐಸಿನ ಕೆಳಗೂ ಬೇಟೆ ಆಡುತ್ತದೆ. ತನ್ನ ಉದ್ದದ ಮೂರನೇ ಒಂದು ಪಾಲಿಗಿಂತ ದೊಡ್ಡ ಮೀನನ್ನೂ ನುಂಗಬಲ್ಲದು.

ಇದು ಎರಡು ರೀತಿಯಲ್ಲಿ ಬೇಟೆಯನ್ನು ಗುರುತಿಸುತ್ತದೆ. ಒಂದು ಕಣ್ಣು. ಇನ್ನೊಂದು, ಮೈಯ ಎರಡೂ ಬದಿಗೆ ಮತ್ತು ತಲೆಯ ಮೇಲೆ ಇರುವ ಸಣ್ಣ ಸಣ್ಣ ರಂಧ್ರಗಳ ಸಾಲು. ನೀರು ಒಂಚೂರು ಅಲುಗಿದರೂ ಅದಕ್ಕೆ ಗೊತ್ತಾಗುತ್ತದೆ. ಹತ್ತಿರದಲ್ಲಿ ಈಜುವ ಮೀನಿನ ಬಾಲ ಎಬ್ಬಿಸುವ ಅಲೆ ಸಾಕು. ಮರದ ಮೀನು ಕೆಲಸ ಮಾಡುವುದು ಈ ಎರಡರ ಮೇಲೆಯೇ. ವಾಸನೆ ಇಲ್ಲ, ರುಚಿ ಇಲ್ಲ. ನೋಟ ಮತ್ತು ಅಲುಗಾಟ, ಇಷ್ಟೇ ಬಂಡವಾಳ.

ಹಾಗಾಗಿ ಇದನ್ನು ಕೆತ್ತುವವರ ಕೈಚಳಕ ಇರುವುದು ಅಂದದಲ್ಲಿ ಅಲ್ಲ. ಇದು ನನಗೆ ಅರ್ಥವಾಗಲು ಸ್ವಲ್ಪ ಕಾಲ ಬೇಕಾಯಿತು. ಅಜ್ಜನ ಗ್ಯಾರೇಜಿನ ಗೋಡೆಯ ಮೇಲೆ ಸಾಲಾಗಿ ತೂಗು ಹಾಕಿದ ಮರದ ಮೀನುಗಳಿವೆ. ಕೆಲವದರ ಬಣ್ಣ ಎಷ್ಟು ಚೆಂದ ಅಂದರೆ ಒಂದೊಂದು ಹುರುಪೆಯೂ ಎಣಿಸಬಹುದು. ಇನ್ನು ಕೆಲವು ಒರಟೊರಟು, ಕೆಂಪು ತಲೆ, ಬಿಳಿ ಮೈ, ಕಣ್ಣಿನ ಜಾಗದಲ್ಲಿ ಒಂದು ಮೊಳೆ. ಅವರು ಕೆರೆಗೆ ತರುವುದು ಆ ಒರಟನ್ನೇ. ಅದರ ಮೈ ತುಂಬ ಹಲ್ಲಿನ ಗೀರುಗಳು. ‘ಇದು ಈಜುತ್ತದೆ, ಅವು ಈಜುವುದಿಲ್ಲ’ ಅಂದರು.

ಈಜುವುದು ಅಂದರೆ ಏನು ಅನ್ನುವುದೇ ಈ ಕಸುಬಿನ ಜೀವಾಳ.

ಮರ ಮೆತ್ತಗಿರಬೇಕು, ಎಳೆ ನೇರ ಇರಬೇಕು. ಸೀಡರ್, ಪೈನ್, ಬಾಸ್‌ವುಡ್ ಇವನ್ನು ಬಳಸುತ್ತಾರೆ. ಮೀನಿನ ಆಕಾರ ಚೂರಿಯಲ್ಲಿ ಬರುತ್ತದೆ. ಬಾಲವನ್ನು ಒಂದು ಬದಿಗೆ ಸ್ವಲ್ಪ ಬಾಗಿಸಿ ಕೆತ್ತುತ್ತಾರೆ. ಈ ಬಾಗು ಇಲ್ಲದಿದ್ದರೆ ಮೀನು ನೆಟ್ಟಗೆ ಮುಂದೆ ಹೋಗಿ ದಾರ ಬಿಗಿದಾಗ ನಿಂತುಬಿಡುತ್ತದೆ. ಬಾಗು ಇದ್ದರೆ ಗಾಣದ ಎತ್ತಿನ ಹಾಗೆ ಕಿಂಡಿಯ ಕೆಳಗೇ ಸುತ್ತುತ್ತದೆ. ಬಾಗು ಜಾಸ್ತಿಯಾದರೆ ಸುತ್ತು ಬಿಗಿಯಾಗುತ್ತದೆ, ಬುಗುರಿಯಾಟ ಅನ್ನಿಸುತ್ತದೆ. ಪೈಕ್ ಅದನ್ನು ನಂಬುವುದಿಲ್ಲ. ರೆಕ್ಕೆಗಳನ್ನು ತಗಡು, ತಾಮ್ರ ಅಥವಾ ಅಲ್ಯೂಮಿನಿಯಂ ಹಾಳೆಯಿಂದ ಕತ್ತರಿಸಿ, ಸೀಳಿದ ಗೆರೆಗೆ ಕೂರಿಸುತ್ತಾರೆ. ಲೋಹವೇ ಯಾಕೆ ಅಂದರೆ ಅದನ್ನು ಆಮೇಲೂ ಬೆರಳಲ್ಲಿ ಬಾಗಿಸಬಹುದು. ಮುಂದಿನ ರೆಕ್ಕೆಯನ್ನು ಒಂಚೂರು ಕೆಳಗೆ ತಿರುಗಿಸಿದರೆ ಒಂದು ನಡೆ, ಮೇಲೆ ತಿರುಗಿಸಿದರೆ ಇನ್ನೊಂದು.

ಕಷ್ಟ ಇರುವುದು ಸೀಸದಲ್ಲಿ. ಹೊಟ್ಟೆಯನ್ನು ಟೊಳ್ಳು ಮಾಡಿ, ಕಾಯಿಸಿದ ಸೀಸ ಸುರಿಯುತ್ತಾರೆ. ಮರದಲ್ಲಿ ತೇವ ಇದ್ದರೆ ಸೀಸ ಸಿಡಿಯುತ್ತದೆ, ಅದರ ಹೊಗೆಯೂ ಕೆಟ್ಟದ್ದು, ಹಾಗಾಗಿ ಈ ಕೆಲಸ ಗಾಳಿಯಾಡುವ ಜಾಗದಲ್ಲಿ, ಒಣಗಿದ ಮರದಲ್ಲೇ ಆಗಬೇಕು. ಮರ ತೇಲಲು ನೋಡುತ್ತದೆ, ಸೀಸ ಮುಳುಗಿಸಲು ನೋಡುತ್ತದೆ. ಮೀನು ನಿಧಾನವಾಗಿ ಇಳಿಯಬೇಕು, ಕಲ್ಲು ಬಿದ್ದಂತೆ ಬೀಳಬಾರದು. ಮೂತಿ ಭಾರವಾದರೆ ತಲೆಕೆಳಗಾಗಿ ತೂಗುತ್ತದೆ, ಬಾಲ ಭಾರವಾದರೆ ಬೆನ್ನಿಗೆ ಬೀಳುತ್ತದೆ. ನೀರಿನ ತೊಟ್ಟಿಯಲ್ಲಿ ಬಿಟ್ಟು ನೋಡುವುದು, ಎತ್ತುವುದು, ಸೀಸ ಕೊರೆಯುವುದು, ಮತ್ತೆ ಬಿಡುವುದು. ಅಜ್ಜ ಬಣ್ಣ ಬಳಿಯುವುದಕ್ಕಿಂತ ಹೆಚ್ಚು ಹೊತ್ತು ಈ ತೊಟ್ಟಿಯ ಮುಂದೆ ಕೂರುತ್ತಾರೆ. ಬೆನ್ನಿನ ಕೊಂಡಿಗೂ ಅಷ್ಟೇ ಮಹತ್ವ. ಅದನ್ನು ಒಂದಿಷ್ಟು ಮುಂದೆ ಇಟ್ಟರೆ ದಾರ ಎಳೆದಾಗ ಮೂತಿ ಮೇಲೇಳುತ್ತದೆ, ಬಿಟ್ಟಾಗ ಜಾರಿಕೊಂಡು ಮುಂದೆ ಹೋಗುತ್ತದೆ. ಕೆಲವರು ಎರಡು ಮೂರು ತೂತು ಬಿಟ್ಟಿರುತ್ತಾರೆ, ಕೆರೆಯಲ್ಲಿ ಕೂತು ಬದಲಿಸಿಕೊಳ್ಳಲು.

ಬಣ್ಣದ ಬಗ್ಗೆ ಈ ಜನರಲ್ಲಿ ಎಂದೂ ಮುಗಿಯದ ವಾದ ಇದೆ. ತಿಳಿ ನೀರಿಗೆ ಸಹಜ ಬಣ್ಣ, ಕಂದು ನೀರಿಗೆ ಕಣ್ಣು ಕುಕ್ಕುವ ಬಣ್ಣ ಅನ್ನುವುದು ಹೆಚ್ಚಿನವರ ಮಾತು. ಕೆಂಪು ಬಿಳಿ ಎಲ್ಲಿಯೂ ನಡೆಯುತ್ತದೆ ಅನ್ನುವವರೂ ಬೇಕಷ್ಟು ಜನ. ಕೆಂಪು ಬಿಳಿ ಬಣ್ಣದ ಮೀನು ಈ ಕೆರೆಗಳಲ್ಲಿ ಒಂದೂ ಇಲ್ಲ, ಆದರೂ ಪೈಕ್ ಬರುತ್ತದೆ. ನನಗೆ ಅನ್ನಿಸುವುದು ಇಷ್ಟು: ಬಣ್ಣ ದೂರದಿಂದ ಕಣ್ಣಿಗೆ ಬೀಳಲು ಬೇಕು. ಹತ್ತಿರ ಬಂದ ಮೇಲೆ ಪೈಕ್ ಅಳೆಯುವುದು ನಡೆಯನ್ನು. ಮೀನಿನ ಹಾಗೆ ಕಾಣುವುದಕ್ಕಿಂತ ಮೀನಿನ ಹಾಗೆ ನಡೆದುಕೊಳ್ಳುವುದು ಮುಖ್ಯ.

ಜೀವಂತ ಮೀನನ್ನೇ ದಾರಕ್ಕೆ ಕಟ್ಟಿ ಬಿಡುವ ಪದ್ಧತಿಯೂ ಇದೆ. ಸಕ್ಕರ್ ಅನ್ನುವ ಮೀನಿಗೆ ಸಣ್ಣ ಪಟ್ಟಿ ತೊಡಿಸಿ ಇಳಿಬಿಡುತ್ತಾರೆ. ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನುವುದೂ ನಿಜ. ನನಗೆ ಅದು ಇಷ್ಟವಿಲ್ಲ. ಮರದ ಮೀನಿನಲ್ಲಿ ಮನುಷ್ಯನ ಕೈ ಇದೆ, ಆಡಿಸುವವರ ತಾಳ್ಮೆ ಇದೆ.

ಆಡಿಸಲು ಒಂದು ಗಿಡ್ಡ ಕೋಲು, ಅದಕ್ಕೆ ಸುತ್ತಿದ ದಾರ. ಎಡಗೈಯಲ್ಲಿ ಕೋಲು, ಬಲಗೈ ಈಟಿಯ ಹತ್ತಿರ. ಕೋಲನ್ನು ಮೆಲ್ಲಗೆ ಒಂದು ಗೇಣು ಎತ್ತಿ ಬಿಟ್ಟರೆ ಮೀನು ಮೇಲೆದ್ದು ಅರ್ಧ ಸುತ್ತು ಜಾರುತ್ತದೆ. ಮತ್ತೆ ಎತ್ತಿ ಬಿಟ್ಟರೆ ಉಳಿದ ಅರ್ಧ. ನಡುನಡುವೆ ಸುಮ್ನೆ ನಿಲ್ಲಿಸಬೇಕು. ಹೊಸಬರು ಕೈ ಬಿಡುವಿಲ್ಲದೆ ಆಡಿಸುತ್ತಾರೆ. ಯಾವ ಮೀನೂ ಹಾಗೆ ದಿನವಿಡೀ ಕುಣಿಯುವುದಿಲ್ಲ, ಅಲ್ವಾ?

ಗಂಟೆಗಟ್ಟಲೆ ಏನೂ ಬರುವುದಿಲ್ಲ. ಬಂದಾಗ ಎರಡು ಬಗೆ. ಒಂದು, ಕಿಂಡಿಯ ಮೂಲೆಯಿಂದ ನೆಟ್ಟಗೆ ನುಗ್ಗಿ ಮರದ ಮೀನನ್ನು ಕಚ್ಚಿಯೇಬಿಡುವ ಪೈಕ್. ಕೋಲಿಗೆ ಜಗ್ಗಿದ ಪೆಟ್ಟು ಮೊಣಕೈವರೆಗೆ ಗೊತ್ತಾಗುತ್ತದೆ. ಮರ ಅಂತ ಗೊತ್ತಾದ ತಕ್ಷಣ ಉಗುಳಿ ಹಿಂದೆ ಸರಿಯುತ್ತದೆ, ಕೆಲವೊಮ್ಮೆ ಮತ್ತೆ ಬರುತ್ತದೆ. ಇನ್ನೊಂದು ಬಗೆ ನನಗೆ ಹೆಚ್ಚು ಇಷ್ಟ. ತಳದ ಒಂದು ಭಾಗವೇ ಸರಿದಂತೆ ಕಾಣುತ್ತದೆ. ಕಳೆಯ ಕಡ್ಡಿ ಅಂದುಕೊಂಡದ್ದಕ್ಕೆ ಕಣ್ಣು ಇರುತ್ತದೆ. ಅದು ಯಾವಾಗ ಬಂತು ಅಂತ ಹೇಳಲು ಆಗುವುದಿಲ್ಲ. ಮರದ ಮೀನಿನಿಂದ ಒಂದು ಮಾರು ದೂರ ನಿಂತಿರುತ್ತದೆ, ಕಿವಿರಿನ ಹತ್ತಿರದ ರೆಕ್ಕೆ ಮಾತ್ರ ಅಲುಗುತ್ತಿರುತ್ತದೆ. ನೋಡುತ್ತಿದೆ.

ಆಗ ಏನು ಮಾಡಬೇಕು ಅನ್ನುವುದೇ ಕಲಿಯಬೇಕಾದ ವಿದ್ಯೆ. ಜೋರಾಗಿ ಆಡಿಸಿದರೆ ಹೋಗಿಬಿಡುತ್ತದೆ. ಪೂರ್ತಿ ನಿಲ್ಲಿಸಿದರೂ ಆಸಕ್ತಿ ಕಳೆದುಕೊಂಡು ಹೋಗುವುದುಂಟು. ಬೆರಳ ತುದಿಯಲ್ಲಿ ದಾರ ನಡುಗಿಸಿದಷ್ಟು, ಸೋತ ಮೀನು ಬಾಲ ಆಡಿಸಿದಷ್ಟು ಮಾತ್ರ. ಆಮೇಲೆ ಮರದ ಮೀನನ್ನು ಮೆಲ್ಲಗೆ ಮೇಲೆ ತರಬೇಕು. ಪೈಕ್ ಹಿಂಬಾಲಿಸಿ ಏರುತ್ತದೆ, ಮೈ ತಿರುಗಿಸುತ್ತದೆ, ಪಕ್ಕ ತೋರಿಸುತ್ತದೆ. ಮೂತಿಯಿಂದ ಬಾಲದವರೆಗೆ ಇಡೀ ಮೀನು ಕಣ್ಣೆದುರಿಗೆ ಬರುತ್ತದೆ.

ಈ ಆಟ ಹೊಸದಲ್ಲ. ಅಲೆಕ್ಸಾಂಡರ್ ಹೆನ್ರಿ ಅನ್ನುವ ತುಪ್ಪಳದ ವ್ಯಾಪಾರಿ 1760ರ ದಶಕದಲ್ಲಿ ಮಿಶಿಲಿಮ್ಯಾಕಿನಾಕ್ ಅನ್ನುವ ಕೋಟೆಯ ಬಳಿ ಇದ್ದರು. ಮಿಶಿಗನ್ ಮತ್ತು ಹ್ಯೂರನ್ ಎಂಬ ಎರಡು ದೊಡ್ಡ ಸರೋವರಗಳು ಕೂಡುವ ಜಾಗ ಅದು. ಅಲ್ಲಿನ ಜನ ಐಸಿನ ಕೆಳಗಿನ ಟ್ರೌಟ್ ಮೀನನ್ನು ಹೇಗೆ ಹಿಡಿಯುತ್ತಿದ್ದರು ಅಂತ ವಿವರವಾಗಿ ಬರೆದಿಟ್ಟಿದ್ದಾರೆ. ಎರಡು ಗಜ ಸುತ್ತಳತೆಯ ಕಿಂಡಿ. ಅದರ ಮೇಲೆ ಎರಡಡಿ ಎತ್ತರದ ರೆಂಬೆಗಳ ಗೂಡು, ಬೆಳಕು ಬಾರದ ಹಾಗೆ ಚರ್ಮದ ಹೊದಿಕೆ. ಸೀಸ ತುಂಬಿದ ಮರದ ಮೀನನ್ನು ಹತ್ತು ಮಾರು ಆಳಕ್ಕೆ ಬಿಟ್ಟು ದಾರ ಜಗ್ಗುತ್ತಿದ್ದರು. ಟ್ರೌಟ್ ಹಾರಿ ಬಂದಾಗ ಮರದ ಮೀನನ್ನು ಚಕ್ಕನೆ ಮೇಲೆಳೆದು, ಅದು ಮತ್ತೆ ಬರುವಷ್ಟರಲ್ಲಿ ಈಟಿ ಸಿದ್ಧ ಮಾಡಿಕೊಳ್ಳುತ್ತಿದ್ದರು. ಓದುವಾಗ ಮೈ ಜುಮ್ಮೆಂದಿತು. ಎರಡೂವರೆ ಶತಮಾನ ಕಳೆದಿದೆ, ಚರ್ಮದ ಬದಲು ಹಲಗೆ ಬಂದಿದೆ, ಉಳಿದದ್ದು ಹಾಗೇ ಇದೆ.

ಅದನ್ನು ಕಲಿಸಿದವರು ಇಲ್ಲಿನ ಮೂಲನಿವಾಸಿಗಳು. ಇದನ್ನು ಮತ್ತೆ ಮತ್ತೆ ಹೇಳಬೇಕು, ಯಾಕೆಂದರೆ ಇವತ್ತು ಹರಾಜಿನಲ್ಲಿ ಮರದ ಮೀನು ಕೊಳ್ಳುವವರಲ್ಲಿ ಎಷ್ಟೋ ಜನಕ್ಕೆ ಅದು ನೆನಪಿರುವುದಿಲ್ಲ. ವಿಸ್ಕಾನ್ಸಿನ್ ರಾಜ್ಯದ ಲಾಕ್ ಡು ಫ್ಲಾಂಬೋದಲ್ಲಿ ಒಜಿಬ್ವೆ ಜನ ತಲೆಮಾರುಗಳಿಂದ ಇವನ್ನು ಕೆತ್ತುತ್ತಾ ಬಂದಿದ್ದಾರೆ. ಬೆಂಕಿಯಲ್ಲಿ ಸುಟ್ಟು ಕಪ್ಪು ಬರಿಸಿದ, ಬಾಗಿದ ಮೈಯ ಮೀನುಗಳು. ಅದೇ ಜನ ವಸಂತದಲ್ಲಿ ದೋಣಿಯ ಮೇಲೆ ದೀಪ ಹಿಡಿದು ಈಟಿಯಿಂದ ಮೀನು ಹಿಡಿಯುತ್ತಾರೆ. ಅಮೆರಿಕ ಸರ್ಕಾರದ ಜೊತೆ ಮಾಡಿಕೊಂಡ 1837 ಮತ್ತು 1842ರ ಒಪ್ಪಂದಗಳಲ್ಲಿ ಆ ಹಕ್ಕನ್ನು ಅವರು ಉಳಿಸಿಕೊಂಡಿದ್ದರು. 1983ರಲ್ಲಿ ನ್ಯಾಯಾಲಯ ಅದನ್ನು ಎತ್ತಿ ಹಿಡಿಯಿತು. ಆಮೇಲೆ ಆ ದಶಕದ ಕೊನೆಯಲ್ಲಿ ದೋಣಿ ಇಳಿಸುವ ಕಟ್ಟೆಗಳ ಮೇಲೆ ಆ ಹಕ್ಕನ್ನು ಒಪ್ಪದ ಜನ ಸೇರಿ ಅವರ ಮೇಲೆ ಕಲ್ಲು ತೂರಿದರು, ಬಾಯಿಗೆ ಬಂದಂತೆ ಬೈದರು. ಒಂದು ಕಡೆ ಅವರ ಮರದ ಮೀನಿಗೆ ಬೆಲೆ ಕಟ್ಟುವುದು, ಇನ್ನೊಂದು ಕಡೆ ಅವರ ಈಟಿಗೆ ಕಲ್ಲೆಸೆಯುವುದು. ಇದನ್ನು ಓದಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ವಲಸೆ ಬಂದವರಲ್ಲೂ ದೊಡ್ಡ ಕೆತ್ತನೆಗಾರರು ಹುಟ್ಟಿದರು. ಮಿಶಿಗನ್‌ನ ಕ್ಯಾಡಿಲಾಕ್ ಊರಿನ ಆಸ್ಕರ್ ಪೀಟರ್ಸನ್ (1887–1951) ಸಾವಿರಾರು ಮರದ ಮೀನು ಕೆತ್ತಿದರು. ಆಗ ಅವು ಪುಡಿಗಾಸಿಗೆ ಹೋಗುತ್ತಿದ್ದವು, ಈಗ ಒಂದೊಂದಕ್ಕೆ ಸಾವಿರಾರು ಡಾಲರ್. ನ್ಯೂಯಾರ್ಕ್ ರಾಜ್ಯದ ಶಟಾಕ್ವ ಸರೋವರದವರು ಬಾಲಕ್ಕೆ ತೊಗಲು ಕಟ್ಟುತ್ತಿದ್ದರು. ನೀರಲ್ಲಿ ನೆನೆದ ತೊಗಲು ನಿಜವಾದ ಬಾಲದಂತೆ ಬಳುಕುತ್ತದೆ. ಎಂಥ ಯೋಚನೆ! ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿ ಈಟಿ ನಿಷೇಧವಾಯಿತು, ಕೆತ್ತುವುದೂ ನಿಂತಿತು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿರುವ ಹಳೆಯ ಮರದ ಮೀನನ್ನು ನೋಡಿದಾಗ ನನಗೆ ಅದನ್ನು ಒಮ್ಮೆ ತೊಟ್ಟಿಗೆ ಬಿಟ್ಟು ನೋಡುವ ಆಸೆ ಆಗುತ್ತದೆ. ಕೆತ್ತಿದವರು ಅದನ್ನು ನೋಡಲು ಕೆತ್ತಿದ್ದಲ್ಲ, ಈಜಲು ಕೆತ್ತಿದ್ದು.

ಈಗ ಈಟಿಯ ಮಾತು. ಕಬ್ಬಿಣದ ಭಾರದ ತಲೆ, ಏಳೆಂಟು ಹಲ್ಲು, ಒಂದೊಂದು ಹಲ್ಲಿಗೂ ಹಿಂದಕ್ಕೆ ಬಾಗಿದ ಮುಳ್ಳು. ಹಿಡಿಗೆ ಹಗ್ಗ ಕಟ್ಟಿರುತ್ತದೆ. ಇದನ್ನು ಎಸೆಯುವುದಿಲ್ಲ. ಹಲ್ಲುಗಳನ್ನು ಸದ್ದಾಗದಂತೆ ಮೊದಲೇ ನೀರಿಗೆ ಇಳಿಸಿ, ತಲೆಯ ಹಿಂದಿನ ಕತ್ತಿನ ಮೇಲೆ ನೇರ ತಂದು, ಬಿಡುವುದು. ಭಾರವೇ ಕೆಲಸ ಮಾಡುತ್ತದೆ. ನೇರ ಕೆಳಗೆ ನೋಡುವಾಗ ಮೀನು ಇದ್ದಲ್ಲೇ ಕಾಣುತ್ತದೆ. ಓರೆಯಾಗಿ ನೋಡಿದರೆ ನೀರು ಬೆಳಕನ್ನು ಬಾಗಿಸಿ ಅದನ್ನು ಬೇರೆ ಕಡೆ ತೋರಿಸುತ್ತದೆ. ಹಾಗಾಗಿ ಮರದ ಮೀನಿನಿಂದ ಪೈಕನ್ನು ಕಿಂಡಿಯ ನಡುವಿಗೆ ಕರೆಯುವುದು ಬರೀ ಗುರಿಯ ಅನುಕೂಲಕ್ಕಲ್ಲ, ಅದು ಬೇಗ ಸಾಯಲಿ ಅನ್ನುವುದಕ್ಕೂ.

ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯ ಇಲ್ಲಿದೆ. ಗಾಳದಲ್ಲಿ ಮೀನು ಬಂದ ಮೇಲೆ ನೋಡುತ್ತೇವೆ. ಚಿಕ್ಕದಾದರೆ, ಹಿಡಿಯಬಾರದ ಜಾತಿಯಾದರೆ, ಕೊಕ್ಕೆ ಬಿಡಿಸಿ ನೀರಿಗೆ ಬಿಡಬಹುದು. ಈಟಿಗೆ ಆ ಅವಕಾಶ ಇಲ್ಲ. ಈಟಿ ತಗುಲಿದ ಮೀನನ್ನು ಮತ್ತೆ ನೀರಿಗೆ ಬಿಡಲಾಗದು. ಹಾಗಾಗಿ ಹಿಡಿಯಬೇಕೋ ಬೇಡವೋ ಅನ್ನುವ ತೀರ್ಮಾನ ಮೊದಲೇ ಆಗಬೇಕು, ಕಣ್ಣಿನಲ್ಲೇ ಆಗಬೇಕು. ಅಷ್ಟು ಹೊತ್ತು ಮೀನನ್ನು ನಮ್ಮ ಮುಂದೆ ನಿಲ್ಲಿಸಿಕೊಡುವುದು ಮರದ ಮೀನು. ಬೇಟೆಗೆ ಮೋಸದ ಸಾಧನ ಅಂತ ಇದನ್ನು ಬೈಯುವವರನ್ನು ಕೇಳಿದ್ದೇನೆ. ಪೈಕ್ ಮೋಸ ಹೋಗುವುದು ಹೌದು. ಆದರೆ ಮರದ ಮೀನು ಇಲ್ಲದಿದ್ದರೆ ಈಟಿಯವರು ಓಡುವ ನೆರಳಿನ ಮೇಲೆ ಬೀಸಬೇಕಾಗುತ್ತಿತ್ತು. ಅದು ಇನ್ನೂ ಕೆಟ್ಟದ್ದು.

ನೋಡಲು ಏನೆಲ್ಲ ಇದೆ ಅಂದರೆ, ಮೊದಲು ಜಾತಿ. ಪೈಕಿನ ಹತ್ತಿರದ ಸಂಬಂಧಿ ಮಸ್ಕಿ ಅಂತ ಇದೆ. ಮಿನೆಸೋಟದಲ್ಲಿ ಅದಕ್ಕೆ ಈಟಿ ಹಾಕುವಂತಿಲ್ಲ. ಪೈಕಿಗೆ ಕಡು ಮೈ ಮೇಲೆ ತೆಳು ಚುಕ್ಕೆ, ಮಸ್ಕಿಗೆ ತೆಳು ಮೈ ಮೇಲೆ ಕಡು ಗುರುತು. ಪೈಕಿನ ಬಾಲದ ತುದಿ ದುಂಡಗೆ, ಮಸ್ಕಿಯದು ಚೂಪು. ಐಸಿನ ಕೆಳಗಿನ ಹಸಿರು ಬೆಳಕಿನಲ್ಲಿ, ಮೇಲಿನಿಂದ, ಇದನ್ನು ಗುರುತಿಸಬೇಕು. ಅನುಮಾನ ಬಂದರೆ ಈಟಿ ಎತ್ತಬಾರದು. ಕೆಲವು ಕೆರೆಗಳಲ್ಲಿ ಈಟಿಯನ್ನೇ ನಿಷೇಧಿಸಿದ್ದಾರೆ.

ಆಮೇಲೆ ಗಾತ್ರ. ಈ ವಿಷಯದಲ್ಲಿ ನನಗೆ ಸ್ವಲ್ಪ ಹಟವೇ ಇದೆ. ಪೈಕ್‌ಗಳಲ್ಲಿ ತೀರ ದೊಡ್ಡವು ಹೆಚ್ಚಾಗಿ ಹೆಣ್ಣು. ಐಸ್ ಕರಗಿದ ಕೂಡಲೇ ಅವು ನೀರು ತುಂಬಿದ ಹುಲ್ಲುಗಾವಲಿನ ಅಂಚಿಗೆ ಹೋಗಿ ಮೊಟ್ಟೆ ಇಡುತ್ತವೆ. ಅಂದರೆ ಜನವರಿ, ಫೆಬ್ರವರಿಯಲ್ಲಿ ಕಿಂಡಿಯ ಕೆಳಗೆ ಬರುವ ದೊಡ್ಡ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ ತುಂಬಿರುತ್ತದೆ. ದೊಡ್ಡವನ್ನೇ ಆರಿಸಿ ಆರಿಸಿ ತೆಗೆದರೆ ಕೆರೆಯಲ್ಲಿ ಉಳಿಯುವುದು ಸಣ್ಣವು. ಮಿನೆಸೋಟದ ಉತ್ತರ-ಮಧ್ಯ ಭಾಗದಲ್ಲಿ ಆದದ್ದೂ ಅದೇ. ಕೆರೆ ತುಂಬ ಸಣ್ಣ ಪೈಕ್, ದೊಡ್ಡವು ಅಪರೂಪ. ಅದಕ್ಕೆ 2018ರಲ್ಲಿ ರಾಜ್ಯವನ್ನು ಮೂರು ವಲಯ ಮಾಡಿ ನಿಯಮ ಬದಲಿಸಿದರು. ಆ ಭಾಗದಲ್ಲಿ ದಿನಕ್ಕೆ 10 ಪೈಕ್ ಹಿಡಿಯಬಹುದು, ಆದರೆ 22ರಿಂದ 26 ಇಂಚಿನವನ್ನು ಗಾಳದವರು ಬಿಡಬೇಕು, 26 ದಾಟಿದವು ಎರಡಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ನೀರೊಳಗಿನ ಮೀನನ್ನು ಇಂಚಿನ ಲೆಕ್ಕದಲ್ಲಿ ಅಳೆಯುವುದು ಕಷ್ಟ ಅಲ್ವಾ? ಹಾಗಾಗಿ ಈಟಿಯವರಿಗೆ ಆ ನಡುವಿನ ಗಾತ್ರದ ಒಂದು ಮೀನಿಗೆ ವಿನಾಯಿತಿ ಇದೆ.

ಅಳೆಯಲು ಅಜ್ಜನ ಉಪಾಯ ಸರಳ. ಅವರ ಮರದ ಮೀನಿನ ಉದ್ದ ಅವರಿಗೆ ಗೊತ್ತು. ಪೈಕ್ ಅದರ ಪಕ್ಕ ಬಂದು ನಿಂತಾಗ ಎಷ್ಟು ಪಟ್ಟು ಅಂತ ನೋಡುತ್ತಾರೆ. ಮರದ ಮೀನು ಕರೆಯುವುದರ ಜೊತೆ ಅಳತೆಗೋಲೂ ಆಗುತ್ತದೆ. ಒಮ್ಮೆ ಒಂದು ಭಾರಿ ಹೆಣ್ಣು ಬಂದಿತ್ತು. ಕಿಂಡಿಯ ಈ ಕಡೆಯಿಂದ ಆ ಕಡೆಗೆ ಮೈ ಮುಗಿಯದಷ್ಟು. ಕಾನೂನಿನ ಪ್ರಕಾರ ಹಿಡಿಯಬಹುದಿತ್ತು. ಅಜ್ಜ ಕೈ ಈಟಿಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ದಾರವನ್ನು ಮಾತ್ರ ನಡುಗಿಸುತ್ತಲೇ ಇದ್ದರು, ಅದು ಇನ್ನಷ್ಟು ಹೊತ್ತು ಇರಲಿ ಅಂತ. ನಾವಿಬ್ಬರೂ ಉಸಿರು ಬಿಗಿಹಿಡಿದು ಅದರ ಮೈಯ ಚುಕ್ಕೆಗಳನ್ನು ನೋಡುತ್ತಾ ಕೂತೆವು. ಅದು ಹೋದ ಮೇಲೆ ‘ನೋಡಿದೆಯಲ್ಲ’ ಅಂದರು. ಅಷ್ಟೇ ಮಾತು.

ಮಲೆನಾಡಿನಲ್ಲಿ ಬೆಳೆದವರಿಗೆ ಹತ್ತುಮೀನು ಗೊತ್ತಿರುತ್ತದೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯ ಮೀನು ಮೊಟ್ಟೆ ಇಡಲು ಹಳ್ಳ, ಗದ್ದೆಯ ಕಡೆ ಹತ್ತುತ್ತವೆ. ರಾತ್ರಿ ಬೆಳಕು ಹಿಡಿದು, ಕತ್ತಿ ತೆಗೆದುಕೊಂಡು ಜನ ಹೊರಡುತ್ತಾರೆ. ಆ ಗದ್ದಲ, ಆ ಸಂಭ್ರಮ ನನಗೆ ಇವತ್ತಿಗೂ ಪ್ರಿಯ. ಆದರೆ ಅಲ್ಲಿ ನೋಡಿ ಆರಿಸಲು ಸಮಯ ಇರುವುದಿಲ್ಲ. ಕಾಲಬುಡದಲ್ಲಿ ಬೆಳ್ಳಗೆ ಹೊಳೆದದ್ದಕ್ಕೆ ಕತ್ತಿ ಬೀಳುತ್ತದೆ. ಮನೆಗೆ ತಂದು ಹೆಚ್ಚುವಾಗ ಮೊಟ್ಟೆಯ ಗೊಂಚಲು ಸಿಗುತ್ತದೆ, ಅದು ಮಕ್ಕಳ ಪಾಲು. ಮೊದಲೆಲ್ಲ ಗದ್ದೆಯ ಅಂಚಿನ ತೋಡಿನಲ್ಲೂ ಸಿಗುತ್ತಿದ್ದ ಮೀನು ಈಗ ಕಡಿಮೆ ಅಂತ ಊರಿಗೆ ಫೋನ್ ಮಾಡಿದಾಗ ಕೇಳುತ್ತೇನೆ. ಅದಕ್ಕೆ ಹತ್ತು ಕಾರಣ ಇರಬಹುದು, ಗದ್ದೆಯ ವಿಷ, ಅಡ್ಡ ಕಟ್ಟಿದ ಒಡ್ಡು. ಆದರೂ ಡಾರ್ಕ್‌ಹೌಸಿನಲ್ಲಿ ಕೂತಾಗ ಅನ್ನಿಸುತ್ತದೆ, ಅಲ್ಲಿಯೂ ಕತ್ತಿ ಎತ್ತುವ ಮೊದಲು ಮೀನನ್ನು ಒಮ್ಮೆ ಪೂರ್ತಿ ನೋಡುವಷ್ಟು ಬಿಡುವು ನಮಗೆ ಸಿಗಬೇಕಿತ್ತು.

ಹಿಡಿದದ್ದನ್ನು ತಿನ್ನಬೇಕು, ಅದರಲ್ಲಿ ಎರಡು ಮಾತಿಲ್ಲ. ಪೈಕಿಗೆ ಕವಲೊಡೆದ ಸಣ್ಣ ಮುಳ್ಳಿನ ಸಾಲು ಇದೆ, ಇಂಗ್ಲಿಷಿನ ವೈ ಅಕ್ಷರದ ಹಾಗೆ. ಅದಕ್ಕೆ ಹೆದರಿ ಎಷ್ಟೋ ಜನ ಈ ಮೀನನ್ನು ಕೀಳಾಗಿ ನೋಡುತ್ತಾರೆ. ಇಲ್ಲಿನವರು ವಿನೆಗರಿನಲ್ಲಿ ಹಾಕಿ ಇಡುತ್ತಾರೆ, ಮುಳ್ಳು ಕರಗಿ ಮೆತ್ತಗಾಗುತ್ತದೆ. ನಮ್ಮ ಮನೆಯಲ್ಲಿ ತುಂಡಿಗೆ ಹತ್ತಿರ ಹತ್ತಿರ ಗೀರು ಹಾಕಿ, ಖಾರ ಹುಳಿ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾದ ಎಣ್ಣೆಯಲ್ಲಿ ಕರಿಯುತ್ತೇವೆ. ಗೀರಿನಿಂದ ಸಣ್ಣ ಮುಳ್ಳು ತುಂಡಾಗಿ ಎಣ್ಣೆಯಲ್ಲಿ ಗರಿಗರಿಯಾಗುತ್ತದೆ, ಬಾಯಿಗೆ ಸಿಗುವುದಿಲ್ಲ. ಅಜ್ಜನಿಗೆ ಒಂದು ಡಬ್ಬಿ ಕಡ್ಡಾಯ.

ಒಂದು ಚಿಂತೆಯನ್ನೂ ಹೇಳಿಬಿಡಬೇಕು. 2023–24ರ ಚಳಿಗಾಲ ಮಿನೆಸೋಟದ ದಾಖಲೆಯಲ್ಲೇ ಅತಿ ಬೆಚ್ಚಗಿನದು. ಕೆರೆಗಳು ತಡವಾಗಿ ಹೆಪ್ಪುಗಟ್ಟಿದವು, ಬೇಗ ಕರಗಿದವು. ಗೂಡನ್ನು ಐಸಿನ ಮೇಲೆ ತರಲು ಧೈರ್ಯ ಬರಲಿಲ್ಲ. ಮರದ ಮೀನನ್ನು ಎಷ್ಟು ಚೆನ್ನಾಗಿ ಕೆತ್ತಿದರೇನು, ಮೇಲೆ ಕೂರಲು ಐಸ್ ಬೇಕು, ಸುತ್ತ ಬೆಳಕನ್ನು ಸೋಸಿ ಕೆಳಗೆ ಕಳಿಸಲು ಐಸ್ ಬೇಕು. ಆ ವರ್ಷ ಅಜ್ಜ ಹೆಚ್ಚಿನ ದಿನ ತೊಟ್ಟಿಯ ಮುಂದೆಯೇ ಕಳೆದರು.

ಇಲ್ಲಿರುವ ಕನ್ನಡದವರಲ್ಲಿ ಯಾರಿಗಾದರೂ ಹೋಗಿ ನೋಡಬೇಕು ಅನ್ನಿಸಿದರೆ ನನ್ನದೊಂದು ಸಲಹೆ. ಗೊತ್ತಿರುವವರ ಜೊತೆಯೇ ಹೋಗಿ. ನಡೆಯಲು ಕನಿಷ್ಠ ನಾಲ್ಕು ಇಂಚು ಗಟ್ಟಿ ಐಸ್ ಇದೆಯೇ ಅಂತ ಕೊರೆದು ನೋಡಿ, ಒಂದೇ ಕಡೆ ಅಲ್ಲ, ಹೋಗುತ್ತಾ ಹೋಗುತ್ತಾ. ಕಾಲಿಗೆ ದಪ್ಪ ಉಣ್ಣೆ ಹಾಕಿಕೊಳ್ಳಿ, ಚಳಿ ಮೊದಲು ಹತ್ತುವುದು ಅಲ್ಲಿಂದ. ನವೆಂಬರ್ ನಡುವಿನಿಂದ ಫೆಬ್ರವರಿಯ ಕೊನೆಯ ಭಾನುವಾರದವರೆಗೆ ಈಟಿಗೆ ಅವಕಾಶ, ಸೂರ್ಯ ಹುಟ್ಟಿದ ಮೇಲೆ ಮುಳುಗುವವರೆಗೆ ಮಾತ್ರ, ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ಮೊದಲ ಸಲ ಈಟಿ ಮುಟ್ಟುವ ಆತುರ ಬೇಡ. ಜೊತೆಗಿದ್ದವರಿಂದ ಕೋಲನ್ನು ಕೇಳಿ ತೆಗೆದುಕೊಂಡು ಮರದ ಮೀನನ್ನು ಆಡಿಸಿ. ಒಂದು ಪೈಕನ್ನು ಕಳೆಯ ಅಂಚಿನಿಂದ ಕಿಂಡಿಯ ನಡುವಿಗೆ ಕರೆದು ತರಲು ನಿಮ್ಮ ಕೈಗೆ ಬಂದರೆ, ಈಟಿ ಹಿಡಿಯಬೇಕೋ ಬೇಡವೋ ಅಂತ ಆಮೇಲೆ ನೀವೇ ನೋಡಿಕೊಳ್ಳಬಹುದು.